ಮೈಲಾರಲಿಂಗಪ್ಪನ ತೊಡೆಯ ಎಳೆ

ಮೂವತ್ತೆಂಟನೇ ವಯಸ್ಸಿಗೇ ನಮ್ಮ ಮೈಲಾರಲಿಂಗಪ್ಪನಿಗೆ ಒಂದು ಕಟ್ಟೆ ಹತ್ತಲು ಎರಡೂ ಕೈ ಬೇಕಾದವು. ಕುರಿಗಳು ಕೋಗಳಿ ಊರಿನ ದಾರಿ ಹಿಡಿದು ಮರೆಯಾದರೂ ಇವನು ಇನ್ನೂ ಹಟ್ಟಿಯ ಬಾಗಿಲಲ್ಲೇ ಇರುತ್ತಿದ್ದ. ಕೇಳಿದರೆ, "ಅವಕ್ಕ ಅವಸರ ಐತ್ರಿ, ನನಗೇನೈತಿ?" ಅನ್ನುತ್ತಿದ್ದ. ಬಿದ್ದಾಗಲೂ ಬಾಯಿ ಸುಮ್ಮನಿರದ ಮನುಷ್ಯ.

ನಾನು ಸೌಭಾಗ್ಯ, ಈ ಊರಿನ ಆಶಾ ಕಾರ್ಯಕರ್ತೆ. ಸಂಶೋಧನೆಯ ದೊಡ್ಡ ಡಾಕ್ಟರನ್ನು ಎರಡು ವರ್ಷದ ಹಿಂದೆ ಅವರ ಮನೆಗೆ ಕರೆತಂದವಳು ನಾನೇ. ಆ ತಪ್ಪು ನನ್ನದು, ಮೊದಲೇ ಹೇಳಿಬಿಡುತ್ತೇನೆ.

ಡಾಕ್ಟರು ಅವನನ್ನು ಪೇಟೆಗೆ ಕರೆದೊಯ್ದು ಪರೀಕ್ಷೆಗೆಂದು ತೊಡೆಯಿಂದ ಶೇಂಗಾ ಬೀಜದಷ್ಟು ಮಾಂಸ ತೆಗೆಸಿದರು. ಅವನ ಅಣ್ಣ ಬೊಮ್ಮಪ್ಪನಿಗೂ ಹಾಗೇ ಕಾಲು ಸೋಲುತ್ತಿತ್ತು, ಅವನಿಂದ ರಕ್ತ ಮಾತ್ರ ತೆಗೆದುಕೊಂಡರು. ಒಪ್ಪಿಗೆಯ ಕಾಗದಕ್ಕೆ ಇಬ್ಬರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡು ಮನೆಗೆ ಬಿಡಲು ಬಂದರು. ಮೈಲಾರಲಿಂಗಪ್ಪನ ಹೆಂಡತಿ ಈರಕ್ಕ ಕಂಬಳಿಗೆ ಉಣ್ಣೆ ನೂಲುತ್ತಿದ್ದಳು.

"ಒಳಗ ಏನ್ ಹುಡುಕ್ತೀರ್ರಿ?" ಅಂದಳು.

"ಎಳೆಗಳಮ್ಮ. ಮಗು ಹೊಟ್ಟೆಯಲ್ಲಿದ್ದಾಗ ನರಕ್ಕೂ ಸ್ನಾಯುವಿಗೂ ಮೊದಲು ತಾತ್ಕಾಲಿಕ ಎಳೆ ಹುಟ್ಟುತ್ತೆ. ಬೆಳೀತಾ ಅದು ಹೋಗಿ ನರಕ್ಕೆ ಅದರದೇ ಎಳೆ, ಸ್ನಾಯುವಿಗೆ ಡೆಸ್ಮಿನ್ ಅನ್ನೋ ಗಟ್ಟಿ ಎಳೆ ಬರುತ್ತೆ. ಇವರದು ಅಲ್ಲಲ್ಲಿ ಗಂಟಾಗಿರಬಹುದು. ನಿಮ್ಮ ಕೈಯಲ್ಲಿರೋ ಉಣ್ಣೆ ಕೂಡ ಅದೇ ಜಾತಿಯ ಎಳೆ."

"ಹಂಗಾರ ನಾನೂ ಕುರಿಗಳೂ ಒಂದ ಬಳಗ ಅನ್ರಿ!" ಅಂದ ಮೈಲಾರಲಿಂಗಪ್ಪ.

"ಅದನ್ನ ಹೇಳಾಕ ಡಾಕ್ಟ್ರು ಬೇಕಾಗಿತ್ತೇನು?" ಅಂದಳು ಈರಕ್ಕ. ಆಮೇಲೆ ದಾರವನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ನೂಲು ಗಂಟಾದ್ರ ಕಂಬಳಿ ತಡಿಯಂಗಿಲ್ರಿ."

ಡಾಕ್ಟರು ಮೆಚ್ಚಿ ತಲೆಯಾಡಿಸಿದರು. ಚಹಾ ಕುಡಿದರು. ವರದಿ ಕಳಿಸುತ್ತೇನೆ ಅಂದು ಹೋದರು.

ವರದಿ ಬರಲಿಲ್ಲ. ನಾನು ಫೋನ್ ಮಾಡಿದರೆ, "ದೊಡ್ಡ ಪತ್ರಿಕೆಯಲ್ಲಿ ಪ್ರಕಟ ಆಗಿದೆ, ಇಂಗ್ಲಿಷ್, ನಿಮಗೆ ಅರ್ಥ ಆಗಲ್ಲ" ಅಂದರು. ಕಳೆದ ದೀಪಾವಳಿ ಹಿಂದಿನ ದಿನ ಬೊಮ್ಮಪ್ಪ ಕುರಿ ಬಿಡುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದು ಸತ್ತ. ಬೀಡಿ ಜಾಸ್ತಿಯಾಗಿತ್ತು ಅಂತ ನಾವೇ ಮಾತಾಡಿಕೊಂಡೆವು.

ಈ ವರ್ಷ ಅಂಗವಿಕಲರ ಪ್ರಮಾಣಪತ್ರದ ಶಿಬಿರ ನಡೆಯಿತು. ಅಲ್ಲಿ ನಮ್ಮ ಮಹಾರಾಯ ಮಾಡಿದ್ದೇನು ಗೊತ್ತೇ? ತಪಾಸಣೆ ಮಾಡುವ ಸಾಹೇಬರು ಬಂದರು ಅಂತ ಗೋಡೆ ಹಿಡಿದು, ಹಲ್ಲು ಕಚ್ಚಿ, ಎದ್ದು ನಿಂತು ಕೈಮುಗಿದ!

"ಕಂಬ ನಿಂತಂಗೆ ನಿಂತಿದೀಯಲ್ಲಯ್ಯ, ನಿನಗೇನಾಗಿದೆ?" ಅಂದರು ಸಾಹೇಬರು. "ರೋಗದ ಹೆಸರಿರೋ ಕಾಗದ ತಾ, ನೋಡೋಣ."

ಪ್ರಮಾಣಪತ್ರ ಸಿಗದೆ ವಾಪಸು ಬರುವಾಗ ಬಸ್ಸಿನಲ್ಲಿ ಈರಕ್ಕ ಬಿಡಲಿಲ್ಲ. "ನಮ್ಮಪ್ಪ ಬಂದಾಗ ಒಂದಿನಾರ ಎದ್ದೀಯೇನು? ಆ ಸಾಹೇಬಗ ಎದ್ದೆಲ್ಲ!"

"ದೊಡ್ಡ ಮನುಷ್ಯಾರು ಬಂದಾಗ ಕುಂತಿರಾಕ ಬರತೈತೇನು?" ಅಂದ ಅವನು.

ಹೋದ ವಾರ ಡಾಕ್ಟರ ಕಾರು ಮತ್ತೆ ಬಂತು. ಮೈಲಾರಲಿಂಗಪ್ಪನ ಕೈ ತಾನಾಗಿಯೇ ಗೋಡೆಗೆ ಹೋಯಿತು. ಈರಕ್ಕ ಅವನ ಹೆಗಲು ಒತ್ತಿದಳು. "ಕುಂದ್ರು."

ಡಾಕ್ಟರು ಬರುತ್ತಾರೆಂದು ತಿಳಿದು ಅವಳು ಮೊದಲೇ ಹೇಳಿ ಕಳಿಸಿದ್ದರಿಂದ ಹಟ್ಟಿಯವರೆಲ್ಲ ಬಂದು ಅಂಗಳದ ಕಂಬಳಿಯ ಮೇಲೆ ಕೂತಿದ್ದರು. ಒಬ್ಬರೂ ಏಳಲಿಲ್ಲ. ಇದ್ದ ಒಂದೇ ಕುರ್ಚಿಯಲ್ಲಿ ಬೊಮ್ಮಪ್ಪನ ಹೆಂಡತಿ ಬಸಲಿಂಗಮ್ಮ ಕೂತಿದ್ದಳು. ಡಾಕ್ಟರು ಕುರ್ಚಿ ನೋಡಿದರು, ಅವಳು ಡಾಕ್ಟರನ್ನು ನೋಡಿದಳು.

"ನಿಮ್ಮ ಮಗಳು ಭೂಮಿಕಾದು ಸ್ವಲ್ಪ ರಕ್ತ ಬೇಕಿತ್ತು," ಅಂದರು ಈರಕ್ಕನ ಕಡೆ ತಿರುಗಿ.

"ಅದ್ಯಾಕ ಒಲ್ಲೆ ಅನ್ಲಿ? ಮೊದಲ ನಮ್ಮ ವರದಿ ಕೊಡ್ರಿ," ಅಂದಳು ಈರಕ್ಕ. "ರೋಗದ ಹೆಸರು, ನಾವೇನು ಮಾಡಬೇಕು, ಎಲ್ಲ ಕನ್ನಡದಾಗ ಬರೀರಿ. ಸೌಭಾಗ್ಯ ಓದ್ತಾಳ."

ಡಾಕ್ಟರು ಗೋಡೆಗೆ ಹಾಳೆ ಒತ್ತಿಕೊಂಡು ನಿಂತೇ ಬರೆದರು. ನಾನು ಗಟ್ಟಿಯಾಗಿ ಓದಿದೆ. ಡೆಸ್ಮಿನ್ ಎಳೆಯ ದೋಷ. ರಕ್ತಸಂಬಂಧದಲ್ಲಿ ಬರುತ್ತದೆ. ಮೂರನೇ ಸಾಲನ್ನು ಎರಡು ಸಲ ಓದಿದೆ. "ಇದೇ ಎಳೆ ಹೃದಯದಲ್ಲೂ ಇರುತ್ತದೆ. ರಕ್ತಸಂಬಂಧಿಗಳೆಲ್ಲ ತಪ್ಪದೆ ಹೃದಯದ ತಪಾಸಣೆ ಮಾಡಿಸಬೇಕು."

ಬಸಲಿಂಗಮ್ಮ ಕೇಳಿದಳು: "ಇದು ನಿಮಗ ಯಾವಾಗ ಗೊತ್ತಾತ್ರಿ?"

"ಒಂದೂವರೆ ವರ್ಷ ಆಯ್ತು. ಪತ್ರಿಕೆಯಲ್ಲಿ ಬರೆದಿದ್ದೆವಲ್ಲ..."

ಈರಕ್ಕ ಉಣ್ಣೆ ನೂಲುವ ಕದಿರು ಕೆಳಗಿಟ್ಟಳು.

"ಅದನ್ನೂ ಬರೀರಿ. ಗೊತ್ತಾದ ತಾರೀಖು ಹಾಕ್ರಿ. ಅದರ ಕೆಳಗ ನಮ್ಮ ಭಾವ ಸತ್ತ ತಾರೀಖು ಹಾಕ್ರಿ."

ಬರೆದು ಮುಗಿಸಿ ಸಹಿ ಮಾಡಲು ಹೋದವರನ್ನು ಬಸಲಿಂಗಮ್ಮ ತಡೆದಳು. "ಸಹಿ ಒಂದ ಸಾಲಂಗಿಲ್ರಿ. ನನ್ನ ಗಂಡ ಹೆಬ್ಬೆಟ್ಟು ಒತ್ತ್ಯಾನಲ್ಲ, ಹಂಗ ನೀವೂ ಒತ್ರಿ."

ನಮ್ಮ ಹೆಬ್ಬೆಟ್ಟಿಗೆಂದು ಅವರೇ ತಂದಿದ್ದ ಇಂಕಿನ ಡಬ್ಬಿ ಚೀಲದ ಮೇಲೇ ಇತ್ತು. ನಾನೇ ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ.