ಬಾಜೂಕ ಐತಿ

ಮತ್ತೊಂದು ಲಾರಿ, ಕಬ್ಬಿನದು, ಅದರ ಗಾಳಿಗೆ ಸೆರಗೇ ಹಾರಿಹೋದಂತಾಗಿ ಕಸ್ತೂರಿ ಹೈವೇ ನಡುವಿನ ಡಿವೈಡರಿನ ಕಟ್ಟೆಯ ಮೇಲೆ ಕೂತ ಆಯಿಯ ರಟ್ಟೆ ಹಿಡಿದಳು, ಕಾಲು ಎತ್ತಿ ಆಚೆಗೆ ಇಡಿಸುವಾಗ ಆಯಿಯ ಚಪ್ಪಲಿ ಜಾರಿ ಆಚೆ ಬದಿಯ ರಸ್ತೆಗೆ ಬಿದ್ದಿತ್ತು, ಇದ್ದದ್ದೇ ಒಂದು ಚಪ್ಪಲಿ, ಇನ್ನೊಂದು ಕಾಲಿಗೆ ಬರೀ ಪಟ್ಟಿ, ಒಳಗೆ ಸಕ್ಕರೆ ಕಾಯಿಲೆಯ ಹುಣ್ಣು, ಒಂದಿನ ಬಿಟ್ಟು ಒಂದಿನ ಪಟ್ಟಿ ಬದಲಿಸಬೇಕ ನೋಡವ್ವಾ, ತಪ್ಪಿದರ ಪಾದಾನ ತಗೀಬೇಕಾಗತೈತಿ, ಹುಕ್ಕೇರಿಯ ಡಾಕ್ಟರು ಹೇಳಿದ್ದರು, ಮೊನ್ನೆ ಆಗಲೇ ತಪ್ಪಿದೆ — ದವಾಖಾನೆ ಅಕೋ ಅಲ್ಲೇ, ಹಳದಿ ಗೋಡೆ, ಬಾಗಿಲಲ್ಲಿ ಸುಜಾತಾ ಸಿಸ್ಟರ್, ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ, ಮೊದಲು ದವಾಖಾನೆ ಊರ ಅಗಸಿ ಬಾಗಿಲ ಹತ್ತಿರ ಇದ್ದಾಗ ಆಯಿ ಗೋಡೆ ಹಿಡಿದುಕೊಂಡು ತಾನೇ ಹೋಗಿಬರುತ್ತಿದ್ದಳು, ನಡುವೆ ಉದ್ದವ್ವನ ಕಟ್ಟೆಗೆ ಕೂತು ಎಲೆ ಅಡಿಕೆ ಬೇಡುತ್ತಿದ್ದಳು, ಏ ರಾಯವ್ವಾ, ಕಾಲ ನಡೀದಿದ್ರೂ ನಿನ್ನ ಬಾಯಿ ಭಾಳ ನಡೀತೈತಿ, ಉದ್ದವ್ವ ಆಯಿಯನ್ನು ಕಾಡುತ್ತಿದ್ದಳು, ಇಬ್ಬರೂ ನಗುತ್ತಿದ್ದರು — ಹೊಸ ದವಾಖಾನೆಗೆ ಹೈವೇ ಆಚೆ ಹೊಳೆಪ್ಪ ಸಾಹುಕಾರರು ಧರ್ಮಕ್ಕೆ ಜಾಗ ಕೊಟ್ಟರಂತೆ, ಧರ್ಮಕ್ಕೆ, ಹುಲ್ಲೂ ಏಳದ ಸವುಳು ಹೊಲ, ಈಗ ದವಾಖಾನೆಯ ಪಕ್ಕ ಅವರದೇ ಅಂಗಡಿ ಸಾಲು, ಗೋಡೆಗೆ ಅವರ ಹೆಸರಿನ ಕಲ್ಲು, ಮುದುಕರು ಹೆಂಗ ಬರಬೇಕ್ರಿ ಎಂದು ಓಣಿಯ ಮಾಯವ್ವ ಊರ ಸಭೆಯಲ್ಲಿ ಕೇಳಿದ್ದಕ್ಕೆ ಜೀಪಿನಲ್ಲಿ ಬಂದ ಸಾಹೇಬರು ನಕ್ಕಿದ್ದರು, ದೂರ ಎಲ್ಲೈತಿ ಬೇ, ಬಾಜೂಕ ಐತಿ — ಬಾಜೂಕ, ಯಾರಿಗೆ ಬಾಜೂಕ, ಗಾಲಿ ಇದ್ದವರಿಗೆ, ಬ್ರಿಜ್ಜಿನ ಕೆಳಗೆ ಹೊರಳಿ ಬಂದರೆ ಇನ್ನೊಂದು ಊರಿಗೆ ಹೋಗಿಬಂದಷ್ಟು ದಾರಿ, ಅದಕ್ಕೇ ಬಸುರಿಯರೂ ಈ ಕಟ್ಟೆಯನ್ನೇ ಹತ್ತಿ ಇಳಿಯುತ್ತಾರೆ, ಆಯಿ ಇಳಿಯಲಾರಳು, ಹಿಂದಕ್ಕೂ ಹೋಗಲಾರಳು, ಸಾಲಿ ಬಿಟ್ಟ ಮೇಲೆ ನಾಲ್ಕು ಮಂದಿಯ ಮುಂದೆ ದನಿ ಎತ್ತದ ಕಸ್ತೂರಿಯ ಗಂಟಲು ತಾನಾಗಿಯೇ ತೆರೆಯಿತು, ಸಿಸ್ಟರ್, ಪಟ್ಟಿ ಡಬ್ಬಿ ತಗೊಂಡ ನೀವ ಈಕಡೆ ಬರ್ರಿ, ಬಾಜೂಕ ಐತಲ್ಲಾ — ಇದು ತನ್ನದೇ ದನಿಯೇ, ಇಷ್ಟು ದೊಡ್ಡದೇ, ಸುಜಾತಾ ಡಬ್ಬಿ ಹಿಡಿದು ರಸ್ತೆಯ ಅಂಚಿಗೆ ಬಂದಳು, ಹೆಜ್ಜೆ ಇಟ್ಟಳು, ಹಿಂದೆ ಸರಿದಳು, ಎರಡು ಲಾರಿಗಳ ನಡುವೆ ಅವಳ ಮಾತು ಹರಿದು ಬಂತು, ನನಗ ಅಂಜಿಕಿ ಬರತೈತವ್ವಾ, ನೀವ ಬರ್ರಿ — ಅಂಜಿಕಿ, ಎರಡೂ ಕಾಲು ನೆಟ್ಟಗಿದ್ದವಳಿಗೆ ಅಂಜಿಕಿ, ಪಟ್ಟಿಯ ತುದಿಯಲ್ಲಿ ಹಳದಿ ನೀರು ಇಳಿಯುತ್ತಿದೆ, ನನ್ನ ಚಪ್ಪಲಿ ನೋಡವಾ ಎನ್ನುತ್ತಾಳೆ ಆಯಿ, ಲಾರಿ ಅದರ ಮೇಲೇ ಹೋಯಿತು, ಚಪ್ಪಲಿ ಜಿಗಿದು ಬಿತ್ತು, ಹರಿಯಲಿಲ್ಲ, ಅಟ್ಟೆಯ ಮೇಲೆ ಆಯಿಯ ಐದೂ ಬೆರಳಿನ ಗುರುತು, ಮೂತಿ ದವಾಖಾನೆಯ ಕಡೆ, ಮತ್ತೊಂದು ಲಾರಿ, ಚಪ್ಪಲಿ, ಮೂತಿ ಇನ್ನೂ ಆ ಕಡೆಗೇ —