ಗೋಡೆಯ ಪಾಲಿನ ನೀರು

“ಕೈ ತೆಗಿಯೇ ಮುಂಡೆ, ಅದು ಗೋಡೆಗೆ ಇಟ್ಟಿರೋ ನೀರು.”

ಸೂಪರ್‌ವೈಸರ್ ಗದರಿದಾಗ ನನ್ನ ಕೈಗಳು ಮೊಣಕೈವರೆಗೂ ಡ್ರಮ್ಮಿನಲ್ಲಿದ್ದವು. ಸುಣ್ಣ ಕಲಸಿ ಕಲಸಿ ಬೆರಳ ಸಂದಿಯ ಚರ್ಮ ಸುಲಿದಿತ್ತು.

“ಉರೀತಿದೆ ಸಾರ್. ಒಂದು ಚೊಂಬು ನೀರಿಗೆ ಏನಾಗ್ತದೆ?”

“ಗೋಡೆ ಬಿರುಕು ಬಿಟ್ರೆ ನಿಮ್ಮಪ್ಪ ಬಂದು ಮೆತ್ತುತಾನಾ? ಶೆಡ್ಡಿಗೆ ಹೋಗಿ ತೊಳ್ಕೊ.”

ಕಟ್ಟಡದ ಹಿಂದೆ ನಾವಿದ್ದ ಶೆಡ್ಡಿನ ನಲ್ಲಿ ಒಣಗಿ ವಾರವಾಗಿದ್ದು ಅವನಿಗೂ ಗೊತ್ತಿತ್ತು. ಟ್ಯಾಂಕರ್ ದಿನಾ ಬರುತ್ತಿತ್ತು, ಗೋಡೆಗಾಗಿ.

ಅದು ಅಜ್ಜನ ಕಾಲದ ಶಾಲೆ. ಮಕ್ಕಳನ್ನು ಬೇರೆ ಕಡೆ ಅಟ್ಟಿ, ಕಟ್ಟಡವನ್ನು ಹೋಟೆಲ್ ಮಾಡುತ್ತಿದ್ದರು. ಕರಿಹಲಗೆ ಇದ್ದಲ್ಲೇ ಇರಬೇಕು, ಅದರ ಕೆಳಗೆ ಮಂಚ ಬರಬೇಕು. ಗೋಡೆಗೆ ಸಿಮೆಂಟು ಸೋಕುವಂತಿಲ್ಲ, ಹಳೆಯ ಸುಣ್ಣದ ಗಾರೆಯೇ ಆಗಬೇಕು. ಗಾರೆ ಮೆತ್ತುತ್ತಿದ್ದವನು ನನ್ನ ಗಂಡ.

ಅವನು ಆ ಗೋಡೆಗೆ ಮರುಳಾಗಿದ್ದ. ಎದ್ದವನು ಮುಖ ತೊಳೆಯುವ ಮೊದಲೇ ಹೋಗಿ ಅದನ್ನು ಸವರುತ್ತಿದ್ದ. ಹಸಿ ಗಾರೆ ಬೇಗ ಒಣಗದಿರಲೆಂದು ಒದ್ದೆ ಗೋಣಿತಾಟು ಹೊದಿಸುತ್ತಿದ್ದ, ಜಾರಿದರೆ ಎಳೆದು ಸರಿಮಾಡುತ್ತಿದ್ದ. ನನಗೆ ಜ್ವರ ಬಂದಾಗ ಕಂಬಳಿ ಹೊದಿಸಿದವಳು ಅತ್ತೆ.

“ಸವತಿ ತಂದಿದ್ರೆ ಜುಟ್ಟು ಹಿಡಿದಾದ್ರೂ ಎಳೀತಿದ್ದೆ,” ಎಂದು ಒಮ್ಮೆ ಅಂದಿದ್ದೆ. “ಗೋಡೇನ ಏನು ಹಿಡಿದು ಎಳೀಲಿ?”

“ಹುಚ್ಚಿ. ನಮ್ಮ ಅನ್ನ ಕಣೇ ಅದು,” ಎಂದು ನಕ್ಕಿದ್ದ.

ಆ ಮಧ್ಯಾಹ್ನ ಮಾಲೀಕ ಯಾರ್ಯಾರನ್ನೋ ಕರೆತಂದು ಕಟ್ಟಡ ತೋರಿಸುತ್ತಿದ್ದ. ಅವರಲ್ಲೊಬ್ಬಳು ಗೋಡೆಗೆ ಕೆನ್ನೆ ಒತ್ತಿ, “ಎಷ್ಟು ತಂಪಾಗಿದೆ,” ಎಂದಳು. ಗಂಡ ಮದುವಣಿಗನ ಹಾಗೆ ತಲೆ ತಗ್ಗಿಸಿ ನಕ್ಕ.

ಅಷ್ಟರಲ್ಲಿ ಅಂಗಳದಿಂದ ಅತ್ತೆ ಚೀರಿದಳು. ಸುಣ್ಣ ಜರಡಿ ಹಿಡಿಯುತ್ತಿದ್ದವಳ ಮುಖಕ್ಕೇ ಗಾಳಿ ಬೀಸಿತ್ತು. ಎರಡೂ ಕಣ್ಣು ಮುಚ್ಚಿಕೊಂಡು ನೆಲ ತಡಕುತ್ತಿದ್ದಳು. ಕಣ್ಣಿಗೆ ಸುಣ್ಣ ಬಿದ್ದರೆ ತಡ ಮಾಡುವಂತಿಲ್ಲ. ತೋಳು ಹಿಡಿದು ಒಳಗೆ ಡ್ರಮ್ಮಿನ ಬಳಿಗೆ ಎಳೆದು ತಂದೆ.

ಸೂಪರ್‌ವೈಸರ್ ಡ್ರಮ್ಮಿಗೆ ಅಡ್ಡ ನಿಂತ. “ದೊಡ್ಡವರು ಬಂದಿದ್ದಾರೆ. ಹಿಂದೆ ಕರ್ಕೊಂಡು ಹೋಗು.”

“ಹಿಂದೆ ಏನಿದೆಯೋ, ನಿನ್ನ ಉಚ್ಚೇಲಿ ತೊಳೀಲಾ?”

ಭುಜ ಕೊಟ್ಟು ನೂಕಿದೆ. ಅವನು ಗಾರೆ ಬಾಂಡಲಿಯಲ್ಲಿ ಕುಕ್ಕರಿಸಿದ. ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟು, ರೆಪ್ಪೆ ಬಿಡಿಸಿ, ಚೊಂಬಿನ ಮೇಲೆ ಚೊಂಬು ಸುರಿದೆ. ನೀರು ಹರಿದು, ಕಟ್ಟಡ ನೋಡಲು ಬಂದಿದ್ದವರ ಬೂಟುಗಳ ಕಡೆಗೆ ಹೋಯಿತು. ಅವರು ಒಬ್ಬೊಬ್ಬರಾಗಿ ಹಿಂದೆ ಸರಿದರು.

ಗಂಡ ಓಡಿ ಬಂದ. ಮೊದಲು ಗೋಡೆ ನೋಡಿದ, ಆಮೇಲೆ ನಮ್ಮನ್ನು.

“ಎಲ್ಲಾ ಸುರೀಬೇಡ್ವೇ. ಗೋಣಿತಾಟು ಒಣಗ್ತಾ ಇದೆ.”

“ನಿನ್ನ ಹೆತ್ತವಳು ಕಣಯ್ಯ ಇವಳು.”

“ಗೋಡೆ ಸೀಳು ಬಿಟ್ರೆ ಮೂರೂ ಜನಾನೂ ಒದ್ದು ಓಡಿಸ್ತೀನಿ,” ಎಂದ ಸೂಪರ್‌ವೈಸರ್, ಅಂಡು ಒರೆಸಿಕೊಳ್ಳುತ್ತ.

“ಏನೂ ಕಾಣ್ತಿಲ್ಲ ಕಣವ್ವ,” ಎಂದಳು ಅತ್ತೆ. “ಹಾಕ್ತಾ ಇರು.”

ಚೊಂಬು ಡ್ರಮ್ಮಿನ ತಳಕ್ಕೆ ತಾಗಿ ಸದ್ದಾಯಿತು. ಕಿಟಕಿಯ ಬಿಸಿಲಿಗೆ ಗೋಡೆಯ ಒಂದು ಮೂಲೆ ಒಣಗಿ ಬಿಳಚತೊಡಗಿತ್ತು. ಗಂಡ ಅದನ್ನೇ ನೋಡುತ್ತ ನಿಂತಿದ್ದ. ನಾನು ಅತ್ತೆಯ ತಲೆಯನ್ನು ಮೆಲ್ಲಗೆ ಕೆಳಗಿಳಿಸಿ, ಎದ್ದು, ಗೋಡೆಗೆಂದೇ ಪಕ್ಕದಲ್ಲಿ ತುಂಬಿಸಿಟ್ಟಿದ್ದ ಎರಡನೇ ಡ್ರಮ್ಮಿನ ಮುಚ್ಚಳ ಕಿತ್ತೆ.