ಹರಾಜಿಗೆ ಹಾಸಿದ ಕಂಬಳಿ

“ಥೂ, ಕುರಿ ನಾತ! ಕೆಳಗಿಳೀರೇ ಮುಂಡೇರಾ. ಹರಾಜಿಗೆ ಗಂಡಸ್ರು ಬಂದವ್ರೆ, ನಿಮ್ಗೇನ್ ಕೆಲ್ಸ ಇಲ್ಲಿ?”

ಕಟ್ಟಡದ ಮಾಲೀಕ, ಎಣ್ಣೆ ಮಿಲ್ಲಿನ ಸಾಹುಕಾರ ವೀರೇಶಪ್ಪ ಮೂಗು ಮುಚ್ಚಿಕೊಂಡೇ ಬೈದ. ಚಳ್ಳಕೆರೆಯ ಹಿಂಡಿಯ ವಾಸನೆಯಲ್ಲೇ ಹುಟ್ಟಿ ಬೆಳೆದ ಮನುಷ್ಯನಿಗೆ ಕುರಿ ನಾತ ಮಾತ್ರ ಆಗುವುದಿಲ್ಲ. ಕುರಿ ಬಾಡು ಆಗುತ್ತದೆ. ಜುಂಜಮ್ಮ ಮಗಳು ಶಿಲ್ಪಳ ಕೈ ಹಿಡಿದು ಗೋಡೆಗೆ ಒತ್ತಿ ನಿಂತಳು, ಇಳಿಯಲಿಲ್ಲ.

ಈ ಮಹಡಿಯಲ್ಲಿ ಒಂದು ಕಂಪ್ಯೂಟರ್ ಕಂಪನಿ ಇತ್ತು. ನನ್ನಿವಾಳದ ಸುತ್ತಿನ ಗೊಲ್ಲರ ಹಟ್ಟಿಗಳ ಹುಡುಗಿಯರು ಇಲ್ಲಿ ಕೂತು, ಯಾವುದೋ ದೇಶದ ಬೀದಿಗಳ ಫೋಟೋ ನೋಡಿ, ಇದು ಮನುಷ್ಯ, ಇದು ದನ, ಇದು ಕಂಬ ಎಂದು ಯಂತ್ರಕ್ಕೆ ಗುರುತು ಮಾಡಿಕೊಡುತ್ತಿದ್ದರು. ಲ್ಯಾಪ್‌ಟಾಪು ನಿಮ್ಮದೇ ತನ್ನಿ ಎಂದಿತ್ತು ಕಂಪನಿ. ಜುಂಜಮ್ಮ ಸಾಕಿದ ಕುರಿ ಮಾರಿ ಕೊಡಿಸಿದ್ದಳು. ಈಗ ಕಂಪನಿಯವನು ಬಾಡಿಗೆ ಕಟ್ಟದೆ, ಸಂಬಳ ಕೊಡದೆ ಓಡಿಹೋಗಿದ್ದ. ವೀರೇಶಪ್ಪ ಬೀಗ ಜಡಿದು ಒಳಗಿದ್ದದ್ದನ್ನೆಲ್ಲ ಹರಾಜಿಗಿಟ್ಟಿದ್ದ. ಅದರಲ್ಲಿ ಶಿಲ್ಪಳ ಲ್ಯಾಪ್‌ಟಾಪೂ ಸೇರಿಹೋಗಿತ್ತು. ಮೊಳಕಾಲ್ಮೂರಿನಲ್ಲಿ ಅವಳಿಗೆ ಇಂಥದೇ ಇನ್ನೊಂದು ಕೆಲಸ ಕಾದಿದೆ, ಅಲ್ಲಿಯೂ ಲ್ಯಾಪ್‌ಟಾಪು ನಿಮ್ಮದೇ ತನ್ನಿ. ಅದಿಲ್ಲದಿದ್ದರೆ ಅವ್ವನ ಹಿಂದೆ ಈರುಳ್ಳಿ ಕೊಯ್ಯಲು ಹೋಗಬೇಕು.

“ಅದೊಂದ್ ನನ್ದು ಸಾರ್. ಮುಚ್ಚಳದ್ ಮೇಲೆ ಕೆಂಪು ಗೆರೆ ಐತೆ ನೋಡ್ರಿ,” ಎಂದಳು ಶಿಲ್ಪ.

ಕೆಂಪು ಗೆರೆ ಎಳೆದವಳು ಜುಂಜಮ್ಮ. ಯಾರ ಕುರಿ ಯಾವುದೆಂದು ತಿಳಿಯಲು ಬೆನ್ನಿಗೆ ಬಣ್ಣ ಬಳಿಯುವುದು ಹಟ್ಟಿಯ ಪದ್ಧತಿ. ಆ ಗುರುತಿಗೆ ಎದುರು ಮಾತಿಲ್ಲ. ಅಷ್ಟೇ ಸಾಕೆಂದು ನಂಬಿ, ಅಂಗಡಿಯವನು ಕೊಟ್ಟ ರಸೀದಿಯನ್ನು ಅವಳು ಒಲೆ ಹೊತ್ತಿಸಲು ಹಾಕಿದ್ದಳು.

“ಬಿಲ್ ಎಲ್ಲೈತೆ?”

“ಬಿಲ್ಲು ಇಲ್ರಿ. ಗುರುತೈತಲ್ರಿ. ನಮ್ ಹಟ್ಟಿಯಾಗೆ ಯಾರ್ನ ಬೇಕಾದ್ರೂ ಕೇಳ್ರಿ,” ಎಂದಳು ಜುಂಜಮ್ಮ.

ನೆರೆದವರು ಗೊಳ್ಳೆಂದು ನಕ್ಕರು. ವೀರೇಶಪ್ಪ ಲ್ಯಾಪ್‌ಟಾಪನ್ನು ಎತ್ತಿ ಹಿಡಿದ.

“ನೋಡ್ರಪ್ಪೋ, ಗೊಲ್ಲರ ಕುರಿ! ಹಾಲ್ ಕೊಡುತ್ತೋ ಉಣ್ಣೆ ಕೊಡುತ್ತೋ ಕೇಳ್ಕೊಂಡು ಸವಾಲ್ ಕೂಗ್ರಿ!”

ಶಿಲ್ಪ ಅತ್ತುಬಿಟ್ಟಳು. ಜುಂಜಮ್ಮನಿಗೆ ಮಗಳ ಅಳುವಿಗಿಂತ ಆ ನಗುವೇ ಹೆಚ್ಚು ಉರಿಸಿತು.

ಎಲ್ಲವನ್ನೂ ಒಬ್ಬ ಗುಜರಿಯವನೇ ಹಿಡಿದ. ಲಾರಿ ಕೆಳಗೆ ನಿಂತಿತ್ತು. ಮಿಲ್ಲಿನ ಹಮಾಲಿ ಬೋರಣ್ಣ ಮತ್ತವನ ಜೊತೆಯವರು ಸಾಮಾನು ಎತ್ತಲು ಬಂದರು. ಅವರೂ ಹಟ್ಟಿಯವರೇ. ಬೋರಣ್ಣ ಮೊದಲ ಹೊರೆ ಎತ್ತುತ್ತಿದ್ದಂತೆ ಜುಂಜಮ್ಮ ಹೆಗಲ ಮೇಲಿನ ಕರಿ ಕಂಬಳಿಯನ್ನು ಕೊಡವಿ ಬಾಗಿಲಿಗೆ ಅಡ್ಡ ಹಾಸಿದಳು.

“ಜುಂಜಪ್ಪನ ಗದ್ದುಗೆ ಹಾಕೀನಿ. ನನ್ ಮಾತು ಸುಳ್ಳು ಅನ್ನೋರು ತುಳ್ಕೊಂಡ್ ಹೋಗ್ರಿ.”

ಕುಲದೇವರು ಜುಂಜಪ್ಪನ ಹೆಸರು ಹೇಳಿ ಹಾಸಿದ ಕಂಬಳಿಯನ್ನು ಹಟ್ಟಿಯವರು ತುಳಿಯುವುದಿಲ್ಲ, ದಾಟುವುದೂ ಇಲ್ಲ. ಬೋರಣ್ಣ ಹೊರೆ ಇಳಿಸಿ, ತಲೆಯ ಟವೆಲನ್ನು ಕೈಗೆ ತೆಗೆದುಕೊಂಡ. ಹೊರಗಿದ್ದ ಹಮಾಲರು ಮೆಟ್ಟಿಲ ಮೇಲೆ ಸಾಲಾಗಿ ಕೂತುಬಿಟ್ಟರು.

“ಎತ್ತಲೇ ಬೋಳಿಮಗನೆ!”

“ಆಗಲ್ರಿ ಸಾವ್ಕಾರ್ರೆ.”

“ನಾಳೆ ಮಿಲ್ ಬಾಗ್ಲಿಗೆ ಬಾ, ಕಾಲ್ ಮುರೀತೀನಿ!”

“ಮುರೀರಿ. ಆಮೇಲೆ ಮೂಟೆ ನೀವೇ ಹೊರ್ರಿ.”

ವೀರೇಶಪ್ಪನ ಮುಖ ಕಪ್ಪಿಟ್ಟಿತು. ಕಂಪ್ಯೂಟರ್ ಪರದೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಆ ಲ್ಯಾಪ್‌ಟಾಪನ್ನೂ ಇಟ್ಟು, ಗದ್ದದಿಂದ ಒತ್ತಿ ಹಿಡಿದು ತಾನೇ ಎತ್ತಿಕೊಂಡ. ಬೂಟುಗಾಲಲ್ಲಿ ಕಂಬಳಿ ತುಳಿದ. ಬಾಗಿಲಾಚೆ ಕೂತ ಹಮಾಲರು ಅಲುಗಲಿಲ್ಲ. ಮುಂದೆ ಹೆಜ್ಜೆಯಿಡಲು ಜಾಗವಿಲ್ಲ. ಹಿಂದೆ ತಿರುಗಿದರೂ, ಬಗ್ಗಿ ಇಳಿಸಿದರೂ ಹೊರೆ ಜಾರುತ್ತದೆ.

“ಹಿಡ್ಕೊಳ್ರೋ! ಜಾರ್ತೈತೆ!”

ಜುಂಜಮ್ಮ ಕಂಬಳಿಯ ಅಂಚಿನಲ್ಲೇ ನಿಂತು ಕೈ ಚಾಚಿದಳು. ಅವನ ಗದ್ದದ ಕೆಳಗಿಂದ ಲ್ಯಾಪ್‌ಟಾಪನ್ನು ಎಳೆದು ಮಗಳ ಕೈಗಿಟ್ಟಳು.

“ಕಳ್ಳಿ! ಪೊಲೀಸಿಗೆ ಫೋನ್ ಮಾಡ್ರೋ!”

“ಮಾಡ್ಲಿ. ಅವ್ರು ಬರೋಗಂಟ ಹೊತ್ಕೊಂಡೇ ನಿಂತಿರ್ರಿ. ನಾವೂ ಎಲ್ಲೂ ಹೋಗಲ್ಲ,” ಎಂದಳು ಜುಂಜಮ್ಮ.

ವೀರೇಶಪ್ಪನ ಹೊರೆ ಒಂದು ಕಡೆಗೆ ವಾಲತೊಡಗಿತು. ಗುಜರಿಯವನು ಹೊರೆಗೆ ಕೈ ಕೊಡಲು ಒಂದು ಹೆಜ್ಜೆ ಮುಂದೆ ಬಂದ. ಬೋರಣ್ಣ ಅವನ ಮುಖ ನೋಡಿದ. ಗುಜರಿಯವನು ಚಾಚಿದ ಕೈ ಹಿಂದೆಳೆದುಕೊಂಡು ಅಲ್ಲೇ ನಿಂತ.